ಬೈಕು ಓಡಿಸಿದ್ದು ನಾನೇ

ಹೋದ ಸೆಪ್ಟೆಂಬರಿನ ಒಂದು ಭಾನುವಾರ. ದಾದಿಯ ಬಿ.ಪಿ. ಮಾತ್ರೆ ಮುಗಿದಿದೆ ಎಂದು ಅಮ್ಮಿ ಮಧ್ಯಾಹ್ನವೇ ಹೇಳಿದ್ದರು. ನಾನು ಮರೆತು, ಅಸರ್ ನಮಾಜು ಮುಗಿಸಿ ಬರುವಾಗ ನೆನಪಾಗಿ, ಚಾಚಾನ ಪಂಕ್ಚರ್ ಅಂಗಡಿ ಮುಂದೆ ನಿಂತಿದ್ದ ಬೈಕು ತೆಗೆದುಕೊಂಡು ಸಂಡೂರಿಗೆ ಹೋದೆ. ಚಾಚಾ ಬೀಗದ ಕೈ ಎಸೆದರು, ನಾನು ಹಿಡಿದೆ. ಎರಡು ವರ್ಷದಿಂದ ಹೀಗೇ ನಡೆದಿತ್ತು. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ. ಹದಿನೆಂಟು ತುಂಬಿ ಐದು ವಾರ ಆಗಿತ್ತು. ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದೆ, ಅಷ್ಟೆ.

ಮಾತ್ರೆ ತೆಗೆದುಕೊಂಡು ವಾಪಸ್ ಬರುವಾಗ ಸಣ್ಣಗೆ ಹನಿಯುತ್ತಿತ್ತು. ನಮ್ಮ ಯಶವಂತನಗರದ ರಸ್ತೆ ನೋಡಿದವರಿಗೆ ಗೊತ್ತು, ಮಳೆ ಜೋರಾಗಿ ಬಂದರೆ ಕೆಂಪು ಪುಡಿ ತೊಳೆದು ಹೋಗುತ್ತದೆ, ಹನಿ ಬಿದ್ದರೆ ಮಾತ್ರ ಅದು ಎಣ್ಣೆಯ ಹಾಗೆ ಜಾರುತ್ತದೆ. ಬಸ್ ನಿಲ್ಲುವ ಜಾಗದ ಹತ್ತಿರ ಯಾವುದೋ ಲಾರಿಯಿಂದ ಬಿದ್ದ ಅದಿರಿನ ಹರಳುಗಳು ಹರಡಿದ್ದವು. ಎದುರಿಗೆ ಒಂದು ನಾಯಿ ಬಂತು. ಬ್ರೇಕ್ ಹಿಡಿದೆ. ಮುಂದಿನ ಚಕ್ರ ನನ್ನ ಮಾತು ಕೇಳಲಿಲ್ಲ. ನಾನು ಒಂದು ಕಡೆ ಬಿದ್ದೆ, ಬೈಕು ಮಲಗಿಕೊಂಡೇ ಜಾರುತ್ತಾ ರಸ್ತೆಯ ಅಂಚಿನಾಚೆ ಮಣ್ಣಿನಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಸೀತಾಫಲದ ಅವ್ವನ ಕಾಲಿಗೆ ಹೋಗಿ ಬಡಿಯಿತು.

ನನಗೆ ಮೊಣಕೈ ತರಚಿತು. ಅವ್ವನಿಗೆ ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದಿದ್ದವು. ಹಣ್ಣುಗಳು ರಸ್ತೆ ತುಂಬ ಉರುಳಿದವು. ಹಿಂದೆ ಬಂದ ಒಂದು ಟಿಪ್ಪರ್ ಅವುಗಳ ಮೇಲೆ ಹಾದು ಹೋಯಿತು. ಆ ಶಬ್ದ ಈಗಲೂ ಕಿವಿಯಲ್ಲಿದೆ.

ಒಬ್ಬ ಆಟೊದವರು ಅವ್ವನನ್ನು ಎತ್ತಿ ಕೂರಿಸಿಕೊಂಡರು. ಮೊದಲು ಸ್ವಲ್ಪ ಹಿಂಜರಿದರು, ‘ನಾಳೆ ನನ್ನ ಸ್ಟೇಷನ್ನಿಗೆ ಅಲೆಸಬ್ಯಾಡ್ರಪ್ಪ’ ಎಂದರು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳು ಎಂದು ಯಾರೂ ಬಲವಂತ ಮಾಡುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮುದ್ರೆ ಒತ್ತಿತ್ತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಎಂಬ ಕಲಂ ಸೇರಿತು. ಅವತ್ತು ಅಲ್ಲಿ ನಿಂತಿದ್ದ ನಲವತ್ತು ಜನರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಆದರೂ ಅವರು ಹೊರಟರು. ಸಂಡೂರು, ಅಲ್ಲಿಂದ ರಾತ್ರಿಯೇ ಬಳ್ಳಾರಿ. ಕಾಲಿಗೆ ರಾಡ್ ಹಾಕಿದರು.

ಇಲ್ಲಿಯವರೆಗೆ ಆಗಿದ್ದು ಅಪಘಾತ. ನಾನು ಬರೆಯಬೇಕೆಂದುಕೊಂಡದ್ದು ಅದರ ನಂತರದ್ದು.

ಆಸ್ಪತ್ರೆಯ ವರಾಂಡದಲ್ಲಿ ಪೊಲೀಸರು ಬಂದು ‘ಗಾಡಿ ಯಾರು ಓಡಿಸ್ತಿದ್ರು?’ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಚಾಚಾ ‘ನಾನೇ ಸಾರ್’ ಎಂದುಬಿಟ್ಟರು. ಲೈಸೆನ್ಸ್ ತೋರಿಸಿದರು, ವಿಮೆಯ ಕಾಗದ ತೋರಿಸಿದರು. ವಿಮೆ ನವೆಂಬರ್‌ವರೆಗೆ ಇತ್ತು. ಬರೆದುಕೊಂಡರು. ನಾನು ಪಕ್ಕದಲ್ಲೇ ಇದ್ದೆ, ಮೊಣಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು. ಏನೂ ಹೇಳಲಿಲ್ಲ. ನಂತರ ಚಾಚಾ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದರು, ‘ನೋಡು ಬೇಟಾ, ಇದರಿಂದ ಯಾರಿಗೂ ನಷ್ಟ ಇಲ್ಲ. ನಿನ್ನ ಹೆಸರು ಬಂದರೆ ಇನ್ಶೂರೆನ್ಸಿನವರು ಕೈ ಎತ್ತಿಬಿಡ್ತಾರೆ, ಆ ಅವ್ವಗೆ ಒಂದು ಪೈಸಾ ಸಿಗಲ್ಲ. ನನ್ನ ಹೆಸರಿದ್ದರೆ ಆಕೆಗೆ ದುಡ್ಡು ಬರುತ್ತೆ, ನಿನಗೆ ಕೇಸಿಲ್ಲ. ಆಕೆಗೂ ಒಳ್ಳೇದು, ನಮಗೂ ಒಳ್ಳೇದು.’

ನಾನು ನಂಬಿದೆ. ನಂಬಲು ಅನುಕೂಲವಾಗಿತ್ತು. ಚಾಚಾ ಕೆಟ್ಟವರಲ್ಲ ಎಂದು ಇಲ್ಲಿ ಹೇಳಲೇಬೇಕು. ಆಪರೇಷನ್ನಿಗೆ ಮೊದಲ ದಿನ ಕಟ್ಟಿದ 38,000 ರೂಪಾಯಿ ಅವರ ಚೀಟಿ ದುಡ್ಡು.

ಮುಂದಿನ ಹತ್ತು ಹನ್ನೊಂದು ದಿನ ಊರಿನಲ್ಲಿ ಎಲ್ಲಿ ಹೋದರೂ ಒಂದೇ ಮಾತು, ತಪ್ಪು ಯಾರದು? ಚಹಾ ಅಂಗಡಿಯಲ್ಲಿ ಒಬ್ಬರು ಅದಿರು ಚೆಲ್ಲಿದ ಲಾರಿಯದು ಎಂದರು. ಇನ್ನೊಬ್ಬರು ಬಸ್ ತಂಗುದಾಣ ಕಟ್ಟದವರದು ಎಂದರು. ನಾಯಿಯದು ಎಂದವರೂ ಇದ್ದರು. ಬಹಳ ಜನ, ನನ್ನನ್ನು ಸಮಾಧಾನ ಮಾಡುವುದಕ್ಕೋ ಏನೋ, ‘ಆಕಿ ರಸ್ತೆಗೆ ಅಷ್ಟು ಹತ್ತಿರ ಯಾಕೆ ಕುಂತಿದ್ಲು?’ ಎಂದರು. ಈ ಮಾತು ಮೊದಲ ಸಲ ಕೇಳಿದಾಗ ನನಗೆ ಹಗುರ ಅನಿಸಿತು. ಅದನ್ನು ಒಪ್ಪಿಕೊಳ್ಳುತ್ತೇನೆ.

ಅಬ್ಬಾ ಮಾತ್ರ ಈ ಚರ್ಚೆಯಲ್ಲಿ ಸೇರಲಿಲ್ಲ. ಅವರು ಲಾರಿ ಚಾಲಕರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೂ ಅದಿರಿನ ಲಾರಿ ಓಡಿಸಿದವರು. ‘ಅದಿರು ಚೆಲ್ಲಿದ ಲಾರಿ ಯಾವುದು ಅಂತ ಪತ್ತೆ ಹಚ್ಚಬೇಕು’ ಎಂದು ನಾನು ಒಂದು ರಾತ್ರಿ ಹೇಳಿದಾಗ ತಟ್ಟೆಯಿಂದ ತಲೆ ಎತ್ತದೆ, ‘ಲೋಡು ಅಂಚು ಮೀರಿ ತುಂಬಿ, ಟಾರ್ಪಾಲಿನ್ ಸರಿಯಾಗಿ ಕಟ್ಟದಿದ್ದರೆ ಪ್ರತಿ ಗುಂಡಿಗೂ ಒಂದು ಬೊಗಸೆ ಬೀಳುತ್ತೆ. ನಾನೂ ಬೀಳಿಸಿದ್ದೀನಿ, ಹನ್ನೆರಡು ವರ್ಷ’ ಎಂದರು. ಆಮೇಲೆ ನಾನು ಲಾರಿಯ ಮಾತು ಎತ್ತಲಿಲ್ಲ.

ಕಾಲೇಜಿಗೆ ವಾಪಸ್ ಬಂದ ಮೇಲೆ ರಾಜ್ಯಶಾಸ್ತ್ರದ ಸರ್ ನನ್ನ ಮೊಣಕೈ ನೋಡಿ ವಿಚಾರಿಸಿದರು. ಚಾಚಾನ ಹೆಸರು ಕೊಟ್ಟ ವಿಷಯ ಬಿಟ್ಟು ಉಳಿದದ್ದು ಹೇಳಿದೆ. ಅವರು ಕಾನೂನು ಓದಿದವರು. ಬಿಡುವಿನ ಪೀರಿಯಡ್‌ನಲ್ಲಿ ಸ್ಟಾಫ್ ರೂಮಿಗೆ ಕರೆದು ಎರಡು ಪ್ರಕರಣ ಹೇಳಿದರು. ಅವನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಒಂದು, ಪುಣೆ–ಬೆಂಗಳೂರು ಹೆದ್ದಾರಿಯದು. 1987ರ ಅಕ್ಟೋಬರ್ 29ರ ನಸುಕಿನಲ್ಲಿ ಮಹಾರಾಷ್ಟ್ರದಲ್ಲಿ ಒಂದು ಪೆಟ್ರೋಲ್ ಟ್ಯಾಂಕರ್‌ಗೆ ಲಾರಿ ಡಿಕ್ಕಿ ಹೊಡೆಯಿತು. ಟ್ಯಾಂಕರ್ ರಸ್ತೆ ಬಿಟ್ಟು ಉರುಳಿ ಮಗ್ಗುಲಾಗಿ ಬಿತ್ತು, ಪೆಟ್ರೋಲ್ ಸೋರತೊಡಗಿತು. ಸುಮಾರು ನಾಲ್ಕು ಗಂಟೆಯ ನಂತರ, ಊರಿನ ಜನ ಸುತ್ತ ನೆರೆದಿದ್ದಾಗ ಅದು ಸ್ಫೋಟಿಸಿತು. ನೋಡುತ್ತಾ ನಿಂತಿದ್ದವರಲ್ಲಿ ಹಲವರು ಸುಟ್ಟುಕೊಂಡರು, ಕೆಲವರು ಸತ್ತರು. ಸತ್ತ ಒಬ್ಬ ಹುಡುಗನ ತಾಯಿ ಪರಿಹಾರ ಕೇಳಿದರು. ಎದುರಿನವರ ವಾದ ನಮ್ಮ ಚಹಾ ಅಂಗಡಿಯ ವಾದದ ಹಾಗೇ ಇತ್ತು. ಡಿಕ್ಕಿಯಾಗಿ ನಾಲ್ಕು ಗಂಟೆ ಆಗಿತ್ತು, ಗಾಡಿ ಓಡುತ್ತಿರಲೇ ಇಲ್ಲ, ಈ ಜನ ಪೆಟ್ರೋಲ್ ತುಂಬಿಕೊಳ್ಳಲು ಬಂದಿದ್ದರು, ಇದಕ್ಕೂ ವಾಹನಕ್ಕೂ ಸಂಬಂಧವೇನು? ಸುಪ್ರೀಂ ಕೋರ್ಟ್ 1991ರಲ್ಲಿ ಅದನ್ನು ಒಪ್ಪಲಿಲ್ಲ. ಟ್ಯಾಂಕರ್ ಉರುಳಿದ್ದು, ಸೋರಿದ್ದು, ಸ್ಫೋಟಿಸಿದ್ದು ಎಲ್ಲ ಒಂದೇ ಸರಪಳಿ, ಆ ಸರಪಳಿ ವಾಹನದ ಬಳಕೆಯಿಂದಲೇ ಶುರುವಾಯಿತು ಎಂದು ತೀರ್ಮಾನಿಸಿತು. ತಪ್ಪು ಸಾಬೀತು ಮಾಡದೆ ಆಗ ಸಿಗುತ್ತಿದ್ದ ಪರಿಹಾರ 15,000 ರೂಪಾಯಿ. ಮೊತ್ತ ಚಿಕ್ಕದು. ಆದರೆ ಆ ಹುಡುಗ ಅಲ್ಲಿ ಯಾಕೆ ನಿಂತಿದ್ದ ಎಂಬ ಪ್ರಶ್ನೆಗೆ ಆ ತಾಯಿ ಉತ್ತರ ಕೊಡಬೇಕಾಗಿ ಬರಲಿಲ್ಲ.

ಇನ್ನೊಂದು ನನ್ನ ಪ್ರಕರಣಕ್ಕೆ ಇನ್ನೂ ಹತ್ತಿರ. 1986ರಲ್ಲಿ ಉತ್ತರ ಪ್ರದೇಶದಲ್ಲಿ ಓಡುತ್ತಿದ್ದ ಜೀಪಿನ ಟೈರು ಸಿಡಿಯಿತು. ಜೀಪು ಹತೋಟಿ ತಪ್ಪಿ ಮಗುಚಿ, ದಾರಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ಹಾಜಿಯವರಿಗೆ ಬಡಿಯಿತು. ಅವರು ತೀರಿಕೊಂಡರು. ಟೈರು ಸಿಡಿದದ್ದಕ್ಕೆ ಚಾಲಕನ ನಿರ್ಲಕ್ಷ್ಯ ಕಾರಣವಲ್ಲ, ಆದ್ದರಿಂದ ಪರಿಹಾರ ಇಲ್ಲ ಎಂದು ನ್ಯಾಯಮಂಡಳಿ ಹೇಳಿತು. ಹೈಕೋರ್ಟೂ ಹಾಗೇ ಅಂದಿತು. ಆ ಹಾಜಿಯವರ ಬೇಗಂ ಬಿಡಲಿಲ್ಲ. ಹದಿನೈದು ವರ್ಷದ ಮೇಲೆ, 2001ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಚಾಲಕನ ತಪ್ಪು ಇರಲಿ ಇಲ್ಲದಿರಲಿ, ಅಪಾಯದ ವಸ್ತುವನ್ನು ಜನರ ನಡುವೆ ತಂದವನು ಅದರಿಂದಾದ ಹಾನಿಯನ್ನು ಹೊರಬೇಕು ಎಂಬ ನಿಯಮವನ್ನು ಇಲ್ಲಿ ಅನ್ವಯಿಸಬಹುದು ಎಂದಿತು. ಈ ನಿಯಮ ಹುಟ್ಟಿದ್ದು 1868ರಲ್ಲಿ ಇಂಗ್ಲೆಂಡಿನಲ್ಲಿ, ಒಂದು ಗಣಿಯ ಜಗಳದಿಂದ ಎಂದು ಸರ್ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಒಬ್ಬ ಗಿರಣಿ ಮಾಲೀಕ ತನ್ನ ಜಾಗದಲ್ಲಿ ನೀರಿನ ಜಲಾಶಯ ಕಟ್ಟಿಸಿದ. ಕೆಳಗೆ ಹಳೆಯ, ಬಿಟ್ಟುಹೋದ ಗಣಿಯ ಸುರಂಗಗಳಿದ್ದವು. ನೀರು ಅವುಗಳ ಮೂಲಕ ನುಗ್ಗಿ ಪಕ್ಕದವನ ಕಲ್ಲಿದ್ದಲು ಗಣಿ ಮುಳುಗಿಸಿತು. ಕಟ್ಟಿಸಿದವನಿಗೆ ಸುರಂಗದ ಸುದ್ದಿಯೇ ಗೊತ್ತಿರಲಿಲ್ಲ. ಆದರೂ ನೀರು ತಂದು ಕೂಡಿಟ್ಟವನು ನೀನೇ, ನೀನೇ ತೆರಬೇಕು ಎಂದಿತು ಅಲ್ಲಿನ ಕೋರ್ಟು. ಸಂಡೂರು ತಾಲ್ಲೂಕಿನವನಾದ ನನಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಸರ್ ಬೋರ್ಡಿನ ಮೇಲೆ ಬರೆಯುವ ಹಾಗೆ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ಕೇಳಿದರು, ‘ನಾಯಿ ಅಡ್ಡ ಬಂತು, ಅದಿರು ಬಿದ್ದಿತ್ತು, ಮಳೆ ಬಂತು. ಎಲ್ಲ ನಿಜ. ಇದರಲ್ಲಿ ಆ ಅಜ್ಜಿ ಮಾಡಿದ್ದೇನು?’ ನಾನು ಸುಮ್ಮನಿದ್ದೆ. ‘ಲಾರಿ, ನಾಯಿ, ಮಳೆಯ ಲೆಕ್ಕ ನಿಮ್ಮ ನಿಮ್ಮೊಳಗೆ ಮಾಡಿಕೊಳ್ಳಿ. ಅವರ ಲೆಕ್ಕ ಮೊದಲು ಮುಗಿಸಿ’ ಎಂದರು.

ಆಗ ನಾನು ಆ ಪ್ರಶ್ನೆ ಕೇಳಿದೆ, ಬೇರೆ ಯಾರದೋ ವಿಷಯ ಎನ್ನುವ ಹಾಗೆ. ‘ಸರ್, ಲೈಸೆನ್ಸ್ ಇಲ್ಲದವನು ಓಡಿಸಿದ್ದರೆ ವಿಮೆಯಿಂದ ದುಡ್ಡು ಬರಲ್ಲ ಅಲ್ವಾ?’ ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಗೊತ್ತಾಗಿರಬೇಕು.

ಅವರು ವಿವರಿಸಿದ್ದು ಹೀಗೆ. ಬೈಕಿಗೆ ಕಡ್ಡಾಯವಾಗಿ ಮಾಡಿಸುವ ವಿಮೆಗೆ ‘ಥರ್ಡ್ ಪಾರ್ಟಿ’ ಎನ್ನುತ್ತಾರೆ. ಮೊದಲನೆಯವನು ಮಾಲೀಕ, ಎರಡನೆಯದು ಕಂಪನಿ, ಮೂರನೆಯವರು ರಸ್ತೆಯಲ್ಲಿ ಇರುವ ನೀವು ನಾವು. 150 ಸಿಸಿವರೆಗಿನ ಸಾಮಾನ್ಯ ಬೈಕಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 714 ರೂಪಾಯಿ, ಮೇಲೆ ತೆರಿಗೆ. ಈ ವಿಮೆ ಬೈಕಿಗೆ ಅಲ್ಲ, ಓಡಿಸುವವನಿಗೂ ಅಲ್ಲ. ಚಾಚಾ ಪ್ರತಿ ವರ್ಷ ಕಟ್ಟಿದ ದುಡ್ಡು ಒಂದು ರೀತಿಯಲ್ಲಿ ಆ ಅವ್ವನ ಹೆಸರಿನಲ್ಲೇ ಇತ್ತು. ಲೈಸೆನ್ಸ್ ಇಲ್ಲದವನು ಓಡಿಸಿದರೆ ಮಾಲೀಕ ಕಂಪನಿಯ ಷರತ್ತು ಮುರಿದ ಹಾಗೆ. ಅದು ಮಾಲೀಕನ ಮತ್ತು ಕಂಪನಿಯ ನಡುವಿನ ಜಗಳ. ಕಂಪನಿ ಮೊದಲು ಗಾಯಾಳುವಿಗೆ ಕೊಡಬೇಕು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. 2020ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ ಅದೇ ದಾರಿಯಲ್ಲಿ ತೀರ್ಪು ಕೊಟ್ಟಿದೆ.

ಬಸ್ಸಿನಲ್ಲಿ ಊರಿಗೆ ಹೋಗುತ್ತಾ ನಾನು ಇದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ನನ್ನ ಹೆಸರು ಬಂದರೂ ಅವ್ವನಿಗೆ ಪರಿಹಾರದ ದಾರಿ ಮುಚ್ಚುವುದಿಲ್ಲ. ಹಾಗಾದರೆ ಚಾಚಾ ಹೇಳಿದ ಸುಳ್ಳಿನಿಂದ ಅವ್ವನಿಗೆ ಸಿಗುವುದೇನು? ಏನೂ ಇಲ್ಲ. ಉಳಿಯುವುದು ನಾವು ಮಾತ್ರ. ನನಗೆ ಕೇಸು ತಪ್ಪುತ್ತದೆ, ಚಾಚಾನಿಗೆ ವಸೂಲಿ ತಪ್ಪುತ್ತದೆ. ಒಂದು ವೇಳೆ ಸುಳ್ಳು ಹೊರಬಿದ್ದರೆ? ಕಂಪನಿಯ ವಕೀಲರು ಇಡೀ ಕೇಸೇ ಕಟ್ಟುಕತೆ ಎನ್ನುತ್ತಾರೆ, ವರ್ಷಗಟ್ಟಲೆ ಎಳೆಯುತ್ತಾರೆ. ಆಗ ನಷ್ಟ ಅವ್ವನಿಗೆ. ಲಾಭ ನಮಗೆ, ಅಪಾಯ ಆಕೆಯ ಮುರಿದ ಕಾಲಿಗೆ.

ಇದೆಲ್ಲ ಅರ್ಥವಾದ ಮೇಲೂ ನಾನು ಮೂರು ದಿನ ಯಾರಿಗೂ ಹೇಳಲಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಬರೆಯಬೇಕು ಎಂಬುದು ನನ್ನ ಆಸೆ. ಅರ್ಜಿಯಲ್ಲಿ ಕೇಸು ಇದೆಯೇ ಎಂಬ ಕಾಲಂ ಇರುತ್ತದೆ. ರಾತ್ರಿ ಮಲಗಿದರೆ ಆ ಕಾಲಂ ಕಣ್ಣ ಮುಂದೆ ಬರುತ್ತಿತ್ತು.

ಗುರುವಾರ ದೀನಿಯಾತ್ ತರಗತಿ ಮುಗಿದ ಮೇಲೆ ಮೌಲಾನಾ ಸಾಹೇಬರನ್ನು ಕೇಳಿದೆ. ಬೇಕೆಂದು ಮಾಡದ ಹಾನಿಗೆ ಶರೀಅತ್‌ನಲ್ಲಿ ಹೊಣೆ ಇದೆಯೇ ಎಂದು. ಇದು ‘ಕಿಸ್ಮತ್’ ಎಂದು ಹೇಳಿ ಅವರು ನನ್ನನ್ನು ಬಿಡುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು. ಅವರು ಕಿಸ್ಮತ್ ಎನ್ನಲಿಲ್ಲ. 1869ರಿಂದ 1876ರವರೆಗೆ ತುರ್ಕಿಯ ಉಸ್ಮಾನಿಯಾ ಸರ್ಕಾರ ಹನಫಿ ಫಿಕ್ಹ್‌ನಿಂದ ತೆಗೆದು ‘ಮಜಲ್ಲಾ’ ಎಂಬ ಕಾನೂನು ಸಂಹಿತೆ ಮಾಡಿಸಿತು. ಅದರ 92 ಮತ್ತು 93ನೇ ಕಲಂ ಇದೇ ವಿಷಯದ್ದು ಎಂದರು. ತನ್ನ ಕೈಯಿಂದ ನೇರವಾಗಿ ಹಾನಿ ಮಾಡಿದವನು ಮುಬಾಶಿರ್, ಅವನು ಬೇಕೆಂದು ಮಾಡದಿದ್ದರೂ ತೆರಬೇಕು. ದೂರದಿಂದ ಕಾರಣನಾದವನು ಮುತಸಬ್ಬಿಬ್, ಅವನು ಬೇಕೆಂದು ಮಾಡಿದ್ದರೆ ಮಾತ್ರ ತೆರಬೇಕು. ಅಂದರೆ ಆ ಲೆಕ್ಕದಲ್ಲಿ ಅದಿರಿನ ಲಾರಿ ಮುತಸಬ್ಬಿಬ್, ನಾನು ಮುಬಾಶಿರ್.

ಇನ್ನೊಂದು ಮಾತನ್ನೂ ಅವರು ಹೇಳಿದರು, ಅದು ನನಗೆ ಹೊಸದು. ತಿಳಿಯದೆ ಒಬ್ಬನಿಂದ ಇನ್ನೊಬ್ಬನ ಪ್ರಾಣ ಹೋದರೆ ದಿಯತ್ ಕೊಡಬೇಕು ಎಂದು ಸೂರಾ ನಿಸಾದ 92ನೇ ಆಯತ್‌ನಲ್ಲಿದೆ, ಇದು ಎಲ್ಲರಿಗೂ ಗೊತ್ತು. ಆದರೆ ಫಿಕ್ಹ್‌ನ ಪ್ರಕಾರ ಆ ಮೊತ್ತವನ್ನು ಆ ಒಬ್ಬನ ತಲೆಗೇ ಕಟ್ಟುವುದಿಲ್ಲ. ಅವನ ತಂದೆಯ ಕಡೆಯ ಬಂಧುಗಳು ಸೇರಿ ಹೊರುತ್ತಾರೆ, ಮೂರು ವರ್ಷದಲ್ಲಿ ಕಂತು ಕಂತಾಗಿ. ಆ ಬಂಧುಗಳ ಗುಂಪಿಗೆ ಆಕಿಲಾ ಎನ್ನುತ್ತಾರೆ. ‘ಕೊಡಬೇಕಾದವನು ಬಡವ ಅಂತ ಸತ್ತವನ ಮಕ್ಕಳು ಉಪವಾಸ ಬೀಳಬಾರದು, ಅದಕ್ಕೆ’ ಎಂದರು ಮೌಲಾನಾ. ಅಬ್ಬಾ, ಚಾಚಾ, ದೊಡ್ಡ ಚಾಚಾ, ಇವರೇ ನನ್ನ ಆಕಿಲಾ ಎಂದು ಎಣಿಸುತ್ತಾ ಮನೆಗೆ ಹೋದೆ. ಮರುದಿನ ಜುಮಾ ಮುಗಿಸಿ ಅವ್ವನನ್ನು ನೋಡಲು ಹೋದೆ. ಅಷ್ಟರಲ್ಲಿ ಅವರನ್ನು ಆಸ್ಪತ್ರೆಯಿಂದ ಕರೆತಂದಿದ್ದರು.

ಒಂದೇ ಕೋಣೆಯ ಮನೆ. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ, ಸೊಸೆ ಒಲೆ ಮುಂದೆ ಇದ್ದಳು. ‘ಬಾ ತಮ್ಮಾ, ಕುಂದ್ರು’ ಎಂದರು ಅವ್ವ. ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ. ಬೈಯಲಿಲ್ಲ. ಯಾರೋ ಒಬ್ಬರು ಬಂದು ‘ಕ್ಲೇಮು ಮಾಡಿಸಿಕೊಡ್ತೀನಿ, ಬಂದದ್ದರಲ್ಲಿ ಅರ್ಧ ನನಗೆ’ ಎಂದು ಹೇಳಿ ಹೋಗಿದ್ದರಂತೆ. ಅದನ್ನು ಹೇಳಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ಕೇಳಿದರು:

‘ಕೋರ್ಟಿನಾಗ ನನ್ನ ನಿಲ್ಸಿ ಕೇಳ್ತಾರಂತ. ನಿಮ್ಮ ಚಾಚಾ ಬಂದು, ನಾನೇ ಓಡಿಸ್ತಿದ್ದೆ ಅಂತ ಹೇಳವ್ವ ಅಂದ. ನನ್ನ ಕಾಲಿನ ಮ್ಯಾಲೆ ಗಾಡಿ ಬಂದಾಗ ಅವ್ವಾ ಅಂತ ಕೂಗಿದ್ದು ನೀನು. ಆಣಿ ಮಾಡಿ ನಾ ಏನಂತ ಹೇಳ್ಲಿ? ನೀನೇ ಹೇಳು.’

ನಮ್ಮ ಮನೆಯ ಸುಳ್ಳು ಅಲ್ಲಿಗೂ ಹೋಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕಾಲು ಮುರಿದದ್ದು ಸಾಲದು ಎಂದು ಈಗ ಆ ಕಾಲಿನ ಪರವಾಗಿ ಸುಳ್ಳು ಪ್ರಮಾಣ ಮಾಡುವ ಕೆಲಸವನ್ನೂ ಅವರ ಮೇಲೆ ಹಾಕಿದ್ದೆವು. ‘ನೀವು ನೋಡಿದ್ದೇ ಹೇಳ್ರಿ ಅವ್ವ’ ಎಂದೆ. ಹೇಳಿಬಿಟ್ಟ ಮೇಲೆ ಮನೆಗೆ ಹೋಗಿ ಅಬ್ಬಾನ ಮುಂದೆ ನಿಲ್ಲಲೇಬೇಕಾಯಿತು.

ಆ ರಾತ್ರಿಯ ಗಲಾಟೆಯನ್ನು ಪೂರ್ತಿ ಬರೆಯುವುದಿಲ್ಲ. ಚಾಚಾ ಬಹಳ ನೊಂದುಕೊಂಡರು. ‘ನಿನಗೋಸ್ಕರ ನಾನು ತಲೆ ಕೊಟ್ಟೆ, ನೀನು ಅದನ್ನೇ ಕತ್ತರಿಸ್ತೀಯಾ?’ ಎಂದರು. ಅದರಲ್ಲಿ ಸುಳ್ಳೇನಿರಲಿಲ್ಲ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೂ ಕಾಯ್ದೆಯಲ್ಲಿ 3 ತಿಂಗಳವರೆಗೆ ಜೈಲು, 5,000 ರೂಪಾಯಿ ದಂಡ ಇದೆ. ಅದಕ್ಕಿಂತ ದೊಡ್ಡದು, ಕಂಪನಿ ಕೊಟ್ಟ ಪರಿಹಾರವೆಲ್ಲ ಅವರ ಪಂಕ್ಚರ್ ಅಂಗಡಿಯ ಮೇಲೆ ಬಂದು ಬೀಳಬಹುದು. ದಾದಿ ಅಳುತ್ತಾ, ಎಲ್ಲ ನನ್ನ ಮಾತ್ರೆಯಿಂದ ಆಯಿತು ಎಂದರು. ಹೊಣೆ ಹೊರಲು ಆ ಮನೆಯಲ್ಲಿ ಅವರೊಬ್ಬರೇ ತಾವಾಗಿ ಮುಂದೆ ಬಂದದ್ದು. ಕೊನೆಗೆ ಅಬ್ಬಾ ಎರಡೇ ಮಾತು ಹೇಳಿದರು, ‘ಬರುವ ದುಡ್ಡಿನ ಹೊರೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳೋಣ. ಸ್ಟೇಷನ್ನಿಗೆ ಇವನು ಬೆಳಿಗ್ಗೆ ಹೋಗಲಿ, ನಾನೂ ಬರ್ತೀನಿ.’ ಆಕಿಲಾ ಎಂಬ ಪದ ಅವರು ಕೇಳಿದವರಲ್ಲ.

ಸ್ಟೇಷನ್ನಿನಲ್ಲಿ ಹೇಳಿಕೆ ಬದಲಿಸುವುದು ಅಷ್ಟು ಸುಲಭವಾಗಿರಲಿಲ್ಲ. ಬರೆದುಕೊಂಡವರು ಬೈದರು, ನಾಳೆ ಬಾ ಎಂದರು, ಮರುದಿನವೂ ಬೈದರು. ಬೈಯುವುದಕ್ಕೆ ಅವರಿಗೆ ಕಾರಣವಿತ್ತು. ಈಗ ಒಂದನೇ ಆರೋಪಿ ನಾನು, ಎರಡನೆಯವರು ಚಾಚಾ. ಬೈಕು ಮನೆಯ ಹಿಂದೆ ಟಾರ್ಪಾಲಿನ್ ಹೊದ್ದು ನಿಂತಿದೆ.

ಅವ್ವನ ಕ್ಲೇಮು ಅರ್ಧ ಪಾಲು ಕೇಳಿದವರ ಕೈಗೆ ಹೋಗಲಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯ ಪ್ರಕಾರ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಸರ್ ಹೇಳಿದ ಮೇಲೆ ಅವ್ವನ ಸೊಸೆ ಅರ್ಜಿ ಕೊಟ್ಟಳು. ನಮ್ಮ ವಿರುದ್ಧದ ಕೇಸಿಗೆ ನಾನೇ ಆಟೊ ಮಾಡಿ ಕಳಿಸಿದ್ದನ್ನು ಕೇಳಿ ಗೆಳೆಯರು ನನಗೆ ತಲೆ ಕೆಟ್ಟಿದೆ ಎಂದರು. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್‌ನಿಂದ ಇದೆ, ಆದ್ದರಿಂದ ತಡ ಮಾಡುವಂತಿರಲಿಲ್ಲ. ಅರ್ಜಿಯನ್ನು ಅಪಘಾತ ಆದ ಕಡೆಯೇ ಹಾಕಬೇಕೆಂದಿಲ್ಲ, ಗಾಯಾಳು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಯಾರ ತಪ್ಪೆಂದು ಸಾಬೀತು ಮಾಡದೆಯೂ ಮೂಳೆ ಮುರಿತದಂತಹ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ಕೇಳಲು ಈಗ 164ನೇ ಕಲಂ ಇದೆ. ಅವ್ವನ ವಕೀಲರು ಅದನ್ನು ಬಿಟ್ಟು 166ನೇ ಕಲಂನಲ್ಲಿ ಹೋಗಿದ್ದಾರೆ. ಅದರಲ್ಲಿ ಚಾಲಕನ ತಪ್ಪು ತೋರಿಸಬೇಕು, ಆದರೆ ಮೊತ್ತಕ್ಕೆ ಮಿತಿಯಿಲ್ಲ. ತಪ್ಪು ತೋರಿಸುವುದು ಕಷ್ಟವಾಗಲಾರದು, ನಾನೇ ಒಪ್ಪಿಕೊಂಡಿದ್ದೇನೆ. ಸೀತಾಫಲ ಮಾರುವವರಿಗೆ ಸಂಬಳದ ಚೀಟಿ ಎಲ್ಲಿಂದ ತರುವುದು ಎಂದು ಸೊಸೆಗೆ ಚಿಂತೆಯಾಗಿತ್ತು. 2011ರಲ್ಲಿ ನಮ್ಮ ರಾಜ್ಯದ ಒಬ್ಬ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೂಲಿ ಮಾಡುವವರಿಂದ ಆದಾಯದ ದಾಖಲೆ ನಿರೀಕ್ಷಿಸಬಾರದು ಎಂದು ಹೇಳಿ, ಅವರು ಹೇಳಿದ ತಿಂಗಳಿಗೆ 4,500 ರೂಪಾಯಿಯನ್ನೇ ಒಪ್ಪಿತ್ತಂತೆ. ಅದನ್ನು ವಕೀಲರು ತೋರಿಸಿದರು.

ನಮ್ಮ ಕಾಲೇಜಿನ ಹೊರಗೆ ಬೇವಿನ ಮರದ ಕೆಳಗೆ ದಿನವೂ ಇಪ್ಪತ್ತು ಮೂವತ್ತು ಬೈಕು ನಿಲ್ಲುತ್ತವೆ. ಅವುಗಳ ಮಾಲೀಕರು ಯಾರ ಅಬ್ಬಾ, ಯಾರ ಮಾಮು, ಯಾರ ಅಣ್ಣ ಎಂದು ನನಗೆ ಗೊತ್ತು. ಓಡಿಸುವವರಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿಲ್ಲ. ನಾನು ಐದು ವಾರದಿಂದ ಉಳಿದವನು. ಅಪಘಾತ ಐದು ವಾರ ಮೊದಲಾಗಿದ್ದರೆ 199ಎ ಕಲಂ ಬರುತ್ತಿತ್ತು. ಅದರಲ್ಲಿ ತಪ್ಪಿತಸ್ಥರು ಪಾಲಕರು ಅಥವಾ ಮಾಲೀಕರು ಎಂದೇ ಕಾನೂನು ಭಾವಿಸುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಮರದ ಕೆಳಗೆ ನಿಂತು ಒಬ್ಬ ಗೆಳೆಯನಿಗೆ ಹೇಳಿದೆ. ‘ನಾನು ನಿಧಾನ ಓಡಿಸ್ತೀನಲ್ಲ’ ಎಂದು ಕಿಕ್ ಹೊಡೆದ. ನಾನೂ ನಿಧಾನವೇ ಓಡಿಸುತ್ತಿದ್ದೆ.

ಕೇಸು ನಡೆಯುತ್ತಿದೆ. ಎಷ್ಟು ಪರಿಹಾರ ಆಗುತ್ತದೋ, ಅದರಲ್ಲಿ ಎಷ್ಟು ನಮ್ಮ ಮೇಲೆ ಬರುತ್ತದೋ, ಇನ್ನೂ ತೀರ್ಮಾನವಾಗಬೇಕು. ಅಲ್ಲಿಯವರೆಗೆ ಅವ್ವನ ಮನೆ ಖರ್ಚಿಗೆ ಎಂದು ತಿಂಗಳಿಗೆ 3,000 ರೂಪಾಯಿ ಮೂರು ಮನೆಯಿಂದ ಕೂಡಿಸಿ ಕೊಡುತ್ತೇವೆ. ಚಾಚಾ ಎರಡು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ, ಆದರೆ ಅವರ ಸಾವಿರ ರೂಪಾಯಿ ಒಂದು ತಿಂಗಳೂ ತಪ್ಪಲಿಲ್ಲ. ತಂದು ಕೊಡುವುದು ನನ್ನ ಕೆಲಸ.

ಅವ್ವ ಈಗ ಕೋಲು ಹಿಡಿದು ಓಡಾಡುತ್ತಾರೆ. ಬಲಗಾಲು ಸ್ವಲ್ಪ ಗಿಡ್ಡ ಆಗಿದೆ. ಗುಡ್ಡದಿಂದ ಸೀತಾಫಲ ತರುವುದು ಇನ್ನು ಆಗದು. ಹೋದ ವಾರ ಹೋದಾಗ ರಸ್ತೆಯಿಂದ ಸಾಕಷ್ಟು ಒಳಗೆ, ಒಂದು ಅಂಗಡಿಯ ಕಟ್ಟೆ ಮೇಲೆ ಹುರಿದ ಶೇಂಗಾ ಇಟ್ಟುಕೊಂಡು ಕುಳಿತಿದ್ದರು. ನೋಟು ಎಣಿಸಿ ಸೆರಗಿಗೆ ಕಟ್ಟಿಕೊಂಡರು.

‘ಲೈಸೆನ್ಸ್ ಮಾಡ್ಸಿದ್ಯಾ?’

‘ಇಲ್ಲವ್ವ. ಬಸ್ಸಿಗೇ ಹೋಗ್ತೀನಿ.’

‘ಮಾಡ್ಸು. ಎಷ್ಟು ದಿನ ಬಸ್ಸಿಗೆ ಹೋಗ್ತಿ?’ ಎಂದು ಕಾಗದ ಸುತ್ತಿ ಶೇಂಗಾ ತುಂಬಿ ನನ್ನ ಕೈಗೆ ಕೊಟ್ಟರು. ನಾನು ಎದ್ದು ಹೊರಟೆ. ಹಿಂದಿನಿಂದ ಕೂಗಿದರು, ‘ತಮ್ಮಾ, ಹತ್ತು ರೂಪಾಯಿ ಕೊಡು. ಇದು ಯಾಪಾರ, ಅದು ಬ್ಯಾರೆ.’

ಜೇಬಿನಲ್ಲಿ ಬಸ್ಸಿಗೆ ಇಟ್ಟುಕೊಂಡಿದ್ದ ಚಿಲ್ಲರೆ ಇತ್ತು, ಕೊಟ್ಟೆ.